ಚಿಕ್ಕ ಟಿನ್ನಿನ ಕೇಕು

ಹೊರಪೇಟೆಯ ಓಣಿಯೊಳಗಿದ್ದ ಬಾಬಾ ಜಾನನ ಬೇಕರಿಗೆ ಬೋರ್ಡು ಇರಲಿಲ್ಲ. ಬೇಕಾಗಿಯೂ ಇರಲಿಲ್ಲ ಬಿಡಿ, ಮೂಗು ಇದ್ದವರಿಗೆಲ್ಲ ದಾರಿ ಗೊತ್ತಾಗುತ್ತಿತ್ತು. ಬೆಳಗ್ಗೆ ಬನ್ನು, ಮಧ್ಯಾಹ್ನ ರಸ್ಕು, ಸಂಜೆಗೆ ಖಾರದ ಬಿಸ್ಕತ್ತು. ಮುಂದೆ ಒಂದು ಗಾಜಿನ ಬೀರು, ಹಿಂದೆ ಇಟ್ಟಿಗೆಯ ಭಟ್ಟಿ, ಭಟ್ಟಿಗೆ ಅಂಟಿದ ಕೋಣೆಯಲ್ಲಿ ಬಾಬಾ ಜಾನನ ಮಂಚ. ಚಳಿಗಾಲದಲ್ಲಿ ನಿನ್ನ ಗೋಡೆ ಬೆಚ್ಚಗಿರುತ್ತಲ್ಲಪ್ಪ ಅಂತ ಯಾರಾದರೂ ಅಂದರೆ, "ಹೌದು, ನನ್ ಪಾಲಿಗೆ ಗೋಡೆನಾದ್ರೂ ಐತಲ್ಲ" ಎಂದು ನಗುತ್ತಿದ್ದ. ನಗುವಂಥ ಮಾತಲ್ಲ ಅದು. ಹೆಂಡತಿ ಫಾತಿಮುನ್ನೀಸಾ ಚೊಚ್ಚಲ ಹೆರಿಗೆಯಲ್ಲಿ ಮಗುವಿನ ಜೊತೆಗೇ ಹೋಗಿಬಿಟ್ಟಿದ್ದಳು. ಸೂಲಗಿತ್ತಿಯನ್ನು ಕರೆತರಲು ಇವನು ಓಡಿದ್ದ, ವಾಪಸು ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು. ಆಮೇಲೆ ಇನ್ನೊಂದು ಮದುವೆಯ ಮಾತೆತ್ತಿಕೊಂಡು ಬಂದವರಿಗೆಲ್ಲ ಕೈಗೊಂದು ಬನ್ನು ಕೊಟ್ಟು ಕಳಿಸಿದ, ಮಾತು ಮುಗಿಸಲು ಬಿಡಲಿಲ್ಲ.

ಇಂಥವನ ಜಾಗದಲ್ಲಿ ವರ್ಷಕ್ಕೊಂದು ಸಲ ಹೆಂಗಸರ ಮಾತು, ಮಕ್ಕಳ ಗಲಾಟೆ ತುಂಬಿಕೊಳ್ಳುತ್ತಿತ್ತು, ಅದೂ ಬೇರೆಯವರ ಹಬ್ಬಕ್ಕೆ. ಎಪ್ಪತ್ತರ ದಶಕದ ತುಮಕೂರಿನಲ್ಲಿ ಯಾರ ಮನೆಯಲ್ಲಿ ಓವನ್ನು ಇತ್ತು ಹೇಳಿ. ಕ್ರಿಸ್ಮಸ್ ಹತ್ತಿರ ಬಂತೆಂದರೆ ಕ್ರಿಶ್ಚಿಯನ್ ಮನೆಯವರು ಕೇಕಿನ ಹಿಟ್ಟು ಮನೆಯಲ್ಲೇ ಕಲಸಿ, ಟಿನ್ನಿಗೆ ಸುರಿದು, ಸೆರಗಿನಿಂದ ಮುಚ್ಚಿಕೊಂಡು ಬಾಬಾ ಜಾನನ ಭಟ್ಟಿಗೆ ತರುತ್ತಿದ್ದರು. ಬ್ರೆಡ್ಡು ತೆಗೆದಾದ ಮೇಲೆ ಉಳಿದ ಹದವಾದ ಕಾವಿನಲ್ಲಿ ಅವನು ಟಿನ್ನುಗಳನ್ನು ಉದ್ದ ಹಿಡಿಯ ಹಲಗೆಯಿಂದ ಒಂದೊಂದಾಗಿ ಒಳಗೆ ತಳ್ಳುತ್ತಿದ್ದ. ಗುರುತಿಗೆ ಒಬ್ಬರು ಹಿಟ್ಟಿನ ಮೇಲೆ ಗೋಡಂಬಿಯಲ್ಲಿ ಶಿಲುಬೆ ಒತ್ತುತ್ತಿದ್ದರು, ಒಬ್ಬರು ಬರೀ ಮೂರು ಬಾದಾಮಿ. ಕೇಕು ಬೇಯುವ ತನಕ ಹೆಂಗಸರು ಮೈದಾ ಮೂಟೆಗಳ ಮೇಲೆ ಕುಳಿತು ಯಾರ ಮಗಳಿಗೆ ಗಂಡು ಗೊತ್ತಾಯಿತು, ಯಾರ ಅತ್ತೆ ಎಷ್ಟು ಕಾಟ ಕೊಡುತ್ತಾಳೆ ಅಂತ ಊರಿನದೆಲ್ಲ ಬಿಚ್ಚಿ ಹರಡುತ್ತಿದ್ದರು. ಬಾಬಾ ಜಾನ್ ಬೆವರು ಒರೆಸಿಕೊಳ್ಳುತ್ತಾ ಎಲ್ಲವನ್ನೂ ಕೇಳಿಸಿಕೊಳ್ಳುತ್ತಿದ್ದ. ಡಿಸೆಂಬರಿನ ಆ ಎರಡು ಮೂರು ದಿನಕ್ಕಾಗಿ ಅವನು ಉಳಿದ ವರ್ಷವನ್ನೆಲ್ಲ ಹೇಗೋ ತಳ್ಳುತ್ತಿದ್ದ ಅಂದರೆ ಹೆಚ್ಚು ಹೇಳಿದ ಹಾಗಾಗುವುದಿಲ್ಲ.

ಒಂದು ಸಂಗತಿ ಮಾತ್ರ ಆ ಜಾಗದಲ್ಲಿ ಯಾರೂ ಆಡುತ್ತಿರಲಿಲ್ಲ. ಬಹಳ ಮನೆಗಳಲ್ಲಿ ಕೇಕಿನ ದ್ರಾಕ್ಷಿಯನ್ನು ತಿಂಗಳ ಮುಂಚೆಯೇ ಬ್ರಾಂದಿಯಲ್ಲಿ ನೆನೆಹಾಕುತ್ತಿದ್ದರು. ಟಿನ್ನು ಭಟ್ಟಿಯೊಳಗೆ ಹೋಗಿ ಸ್ವಲ್ಪ ಹೊತ್ತಾದ ಮೇಲೆ ಏಳುವ ವಾಸನೆ ಬಾಬಾ ಜಾನನ ಮೂಗಿಗೆ ತಿಳಿಯದ್ದೇ? ತಿಳಿಯುತ್ತಿತ್ತು. ಅವನಿಗೆ ತಿಳಿದಿದೆ ಅಂತ ಹೆಂಗಸರಿಗೂ ತಿಳಿದಿತ್ತು. ಬಾಯಿ ಬಿಟ್ಟು ಹೇಳಿದರೆ ಮಸೀದಿಯ ಹಿರಿಯರು ಸುಮ್ಮನಿರುವುದಿಲ್ಲ, ಅವನು ಭಟ್ಟಿ ಕೊಡುವ ಹಾಗಿಲ್ಲ, ಇವರ ಮನೆಯಲ್ಲಿ ಕೇಕಿಲ್ಲ. ಆದ್ದರಿಂದ ಎಲ್ಲರೂ ಬಾಯಿಗೆ ಬೀಗ ಹಾಕಿಕೊಂಡಿದ್ದರು. ಒಳ್ಳೆಯ ಏರ್ಪಾಡೇ ಅದು. ಇಷ್ಟೊಂದು ನಯವಾಗಿ ಸುಮ್ಮನಿರಲು ನಮ್ಮ ಊರಿನವರಿಗೆ ಯಾರು ಕಲಿಸಿದರೋ ನನಗಂತೂ ಗೊತ್ತಿಲ್ಲ.

ಕೇಕು ಬೆಂದ ಮೇಲೆ ಪ್ರತಿ ಮನೆಯವರೂ ಬಾಬಾ ಜಾನನ ಪಾಲಿನದೊಂದು ತುಂಡು ಕತ್ತರಿಸಿ ಕಾಗದದಲ್ಲಿ ಸುತ್ತಿಡುತ್ತಿದ್ದರು. ಅವನು ಎರಡೂ ಕೈಯಲ್ಲಿ ತೆಗೆದುಕೊಂಡು ಹಣೆಗೆ ಮುಟ್ಟಿಸಿ ಬೀರುವಿನಲ್ಲಿ ಇಡುತ್ತಿದ್ದ. ಅವರು ಓಣಿ ದಾಟಿದ ಮೇಲೆ ಅಷ್ಟನ್ನೂ ಸೌದೆ ಸೀಳುವ ತಿಪ್ಪಯ್ಯನ ಚೀಲಕ್ಕೆ ಹಾಕುತ್ತಿದ್ದ. ತಿಪ್ಪಯ್ಯ ಗೂಳೂರಿನವನು. ಹಣೆಗೆ ವಿಭೂತಿ, ಸಾಯಂಕಾಲವಾದರೆ ಹೊಟ್ಟೆಗೆ ಸಾರಾಯಿ, ಎರಡನ್ನೂ ತಪ್ಪಿಸಿದವನಲ್ಲ. ಕ್ರಿಸ್ಮಸ್ಸನ್ನು ಅವನಷ್ಟು ಭಕ್ತಿಯಿಂದ ಕಾಯುತ್ತಿದ್ದವರು ಚರ್ಚಿನಲ್ಲೂ ಇದ್ದರೋ ಇಲ್ಲವೋ.

ಜೀವರತ್ನಮ್ಮ ಬರುತ್ತಿದ್ದದ್ದು ಗುಬ್ಬಿಯಿಂದ. ಗುಬ್ಬಿಯ ಆಸ್ಪತ್ರೆಯಲ್ಲಿ ನರ್ಸು. ಹೆರಿಗೆ ಮಾಡಿಸುವುದರಲ್ಲಿ ಹೆಸರಾದ ಕೈ, ಸುತ್ತಲ ಹಳ್ಳಿಯ ಅರ್ಧ ಮಕ್ಕಳನ್ನು ಮೊದಲು ಎತ್ತಿಕೊಂಡವರು ಅವರೇ. ಆದರೆ ಅವರಿಗೆ ತಮ್ಮವರೆಂದು ಯಾರೂ ಇರಲಿಲ್ಲ. ಮಿಶನ್ನಿನ ಬೋರ್ಡಿಂಗಿನಲ್ಲಿ ಬೆಳೆದವರು, ಮದುವೆಯಾಗಲಿಲ್ಲ. ಡಿಸೆಂಬರ್ ಇಪ್ಪತ್ತನಾಲ್ಕಕ್ಕೆ ಪ್ಯಾಸೆಂಜರ್ ರೈಲಿನಲ್ಲಿ ತೊಡೆಯ ಮೇಲೆ ಎರಡು ಟಿನ್ನು ಇಟ್ಟುಕೊಂಡು ಬರುತ್ತಿದ್ದರು. ಒಂದು ದೊಡ್ಡದು, ಇನ್ನೊಂದು ಹಾಲಿನ ಪುಡಿಯ ಡಬ್ಬ ಕತ್ತರಿಸಿ ಮಾಡಿದ ಚಿಕ್ಕದು.

"ಚಿಕ್ಕದನ್ನ ಆ ಮೂಲೆಗೆ ಇಡಿ ಸಾಬ್ರೆ, ಬೇರೆ ಟಿನ್ನುಗಳ ಪಕ್ಕ ಬೇಡ" ಎಂದು ಪ್ರತಿ ಸಲವೂ ಹೇಳುತ್ತಿದ್ದರು. ಚಿಕ್ಕದಲ್ಲವಾ, ಸೀದೀತು ಅಂತ ಭಯ ಇರಬೇಕು ಎಂದುಕೊಂಡು ಬಾಬಾ ಜಾನ್ ಹಾಗೇ ಇಡುತ್ತಿದ್ದ. ಬೆಂದ ಮೇಲೆ ದೊಡ್ಡದನ್ನು ತಾವು ಕಟ್ಟಿಕೊಂಡು, ಚಿಕ್ಕದನ್ನು ಟಿನ್ನಿನ ಸಮೇತ ಅವನ ಮುಂದೆ ಸರಿಸುತ್ತಿದ್ದರು. "ಇದು ನಿಮ್ದು." ಮರು ವರ್ಷ ಬಂದಾಗ ಅವನು ಟಿನ್ನು ತೊಳೆದು ಒರೆಸಿ ವಾಪಸು ಕೊಡುತ್ತಿದ್ದ. "ಹೇಗಿತ್ತು?" ಎಂದು ಅವರು ಕೇಳಿದ್ದು ಮೊದಲ ವರ್ಷ ಮಾತ್ರ. "ಭಾಳ ಚೆನ್ನಾಗಿತ್ತು ಸಿಸ್ಟ್ರಮ್ಮ" ಎಂದು ಇವನು ನೆಲ ನೋಡುತ್ತಾ ಹೇಳಿದ್ದ. ಆಮೇಲೆ ಅವರು ಕೇಳಲಿಲ್ಲ. ಆ ಕೇಕೂ ಉಳಿದವುಗಳ ಜೊತೆ ತಿಪ್ಪಯ್ಯನ ಚೀಲಕ್ಕೇ ಹೋಗಿತ್ತು, ಪ್ರತಿ ವರ್ಷವೂ ಹೋಗುತ್ತಿತ್ತು.

ಕೇಕು ಬೇಯುತ್ತಿರುವಾಗ ಜೀವರತ್ನಮ್ಮ ಅತ್ತೆ ಸೊಸೆಯರ ಮಾತಿಗೆ ಸೇರುತ್ತಿರಲಿಲ್ಲ. ಅವರಿಗೆ ಅತ್ತೆ ಎಲ್ಲಿಂದ ಬರಬೇಕು. ಭಟ್ಟಿಯ ಬಾಯಿಯ ಪಕ್ಕ ಸ್ಟೂಲು ಹಾಕಿಕೊಂಡು ಬಾಬಾ ಜಾನನ ಜೊತೆ ಮಾತಾಡುತ್ತಿದ್ದರು. ನರ್ಸಿಂಗ್ ಕಲಿಯುವಾಗ ಅವರಿಗೆ ನಾನಾ ದೇಶದ ಡಾಕ್ಟರಮ್ಮಂದಿರು, ಸಿಸ್ಟರುಗಳು ಪಾಠ ಹೇಳಿದ್ದರಂತೆ. ಅವರವರ ಊರಿನಲ್ಲಿ ಕ್ರಿಸ್ಮಸ್ಸು ಹೇಗೆ ಅಂತ ಕೇಳಿದ್ದನ್ನೆಲ್ಲ ಇವರು ಇಲ್ಲಿ ವರ್ಷಕ್ಕೊಂದು ದೇಶದಂತೆ ಬಿಚ್ಚುತ್ತಿದ್ದರು. ಬಾಬಾ ಜಾನನದು ಪ್ರತಿ ದೇಶಕ್ಕೂ ಒಂದೇ ಪ್ರಶ್ನೆ.

"ಅಲ್ಲಿ ಭಟ್ಟಿಗೆ ಏನ್ ಹಾಕ್ತಾರೆ ಸಿಸ್ಟ್ರಮ್ಮ?"

ಜರ್ಮನಿಯಲ್ಲಿ ಹಣ್ಣು ತುಂಬಿದ ಉದ್ದನೆಯ ಬ್ರೆಡ್ಡು ಸುಡುತ್ತಾರೆ, ಅದರ ಮೇಲೆ ಸಕ್ಕರೆ ಪುಡಿ ಎಷ್ಟು ಉದುರಿಸುತ್ತಾರೆ ಅಂದರೆ ಬಟ್ಟೆಯಲ್ಲಿ ಸುತ್ತಿದ ಕೂಸಿನ ಹಾಗೆ ಕಾಣಬೇಕು ಎಂದರು. ಬಾಬಾ ಜಾನ್ ಕೈಯಲ್ಲೇ ಅಳತೆ ಹಾಕಿ ನೋಡಿದ. ಇಥಿಯೋಪಿಯಾದವರು ಎಲೆಯಲ್ಲಿ ಸುತ್ತಿ ರೊಟ್ಟಿ ಸುಡುತ್ತಾರೆ, ಅವರಿಗೆ ಹಬ್ಬ ಬರುವುದು ಜನವರಿಯಲ್ಲಿ, ಪಂಚಾಂಗವೇ ಬೇರೆ ಎಂದಾಗ ಅವನಿಗೆ ಭಾರಿ ಸಮಾಧಾನವಾಯಿತು. "ಹಂಗಾರೆ ನಿಮ್ಮಲ್ಲೂ ಐತೆ ಜಗಳ. ನಾವು ಚಂದ್ರ ಕಾಣ್ತು, ಕಾಣ್ಲಿಲ್ಲ ಅಂತ ಬಡಿದಾಡ್ತೀವಲ್ಲ, ಹಂಗೆ." ಮೆಕ್ಸಿಕೋದಲ್ಲಿ ಜನ ಗುಂಪು ಕಟ್ಟಿಕೊಂಡು ಮನೆ ಮನೆಯ ಬಾಗಿಲು ತಟ್ಟಿ, ಬಸುರಿ ಹೆಂಗಸು ಇದ್ದಾಳೆ, ಜಾಗ ಕೊಡಿ ಅಂತ ಹಾಡುತ್ತಾರೆ, ಒಳಗಿನವರು ಇಲ್ಲ ಹೋಗಿ ಅಂತ ಹಾಡುತ್ತಾರೆ, ಕೊನೆಗೆ ಒಂದು ಮನೆ ಬಾಗಿಲು ತೆರೆಯುತ್ತದೆ ಎಂದು ಹೇಳಿದ ವರ್ಷ ಮಾತ್ರ ಅವನು ಭಟ್ಟಿಗೆ ಏನು ಹಾಕುತ್ತಾರೆ ಅಂತ ಕೇಳಲಿಲ್ಲ. ಕೆಂಡ ಕೆದಕಿದ.

ಎಪ್ಪತ್ತನಾಲ್ಕರಲ್ಲಿ ಬಕ್ರೀದೂ ಕ್ರಿಸ್ಮಸ್ಸೂ ಒಂದರ ಬೆನ್ನಿಗೆ ಒಂದು ಬಂದವು. ನಮ್ಮ ಹಬ್ಬದ ದಿನ ಅವರ ಕೇಕಿಗೆ ಭಟ್ಟಿ ಹಚ್ಚುತ್ತೀಯಲ್ಲ ಎಂದು ಓಣಿಯವರು ಮುಖ ಊದಿಸಿಕೊಂಡರು. ಬಾಬಾ ಜಾನ್ ನಮಾಜು ಮುಗಿಸಿ ಬಂದು ಹೊಸ ಲುಂಗಿ ಎತ್ತಿ ಕಟ್ಟಿ ಭಟ್ಟಿ ಹಚ್ಚಿದ. ಮಧ್ಯಾಹ್ನ ಉಳಿದವರೆಲ್ಲ ಟಿನ್ನು ತೆಗೆದುಕೊಂಡು ಹೋದ ಮೇಲೆ ಜೀವರತ್ನಮ್ಮ ಬಂದರು. ತಮ್ಮನ ಮನೆಯಿಂದ ಬಂದಿದ್ದ ಬಿರಿಯಾನಿಯ ಡಬ್ಬಿ ಮುಚ್ಚಿದ್ದು ಮುಚ್ಚಿದಂತೆಯೇ ಇತ್ತು.

"ಹಬ್ಬದ ದಿನಾನೂ ಒಬ್ರೇನಾ ಸಾಬ್ರೆ?"

"ಭಟ್ಟಿ ಐತಲ್ಲ ಸಿಸ್ಟ್ರಮ್ಮ."

ಅವರು ಬ್ರೆಡ್ಡಿನ ತಟ್ಟೆ ಎರಡು ತೆಗೆದುಕೊಂಡು, ಡಬ್ಬಿ ಬಿಚ್ಚಿ ತಾವೇ ಬಡಿಸಿ, ಸ್ಟೂಲಿನ ಮೇಲೆ ಕುಳಿತು ಅವನ ಜೊತೆ ಉಂಡರು. "ಉಪ್ಪು ಜಾಸ್ತಿ ಆಗಿದೆ, ನಿಮ್ಮ ನಾದಿನಿಗೆ ಹೇಳಿ" ಎಂದು ಬೇರೆ ಅಂದರು. ಫಾತಿಮುನ್ನೀಸಾ ಹೋದ ಮೇಲೆ ಹಬ್ಬದ ಊಟವನ್ನು ಅವನು ಎದುರಿಗೆ ಒಬ್ಬರನ್ನು ಕೂರಿಸಿಕೊಂಡು ಉಂಡದ್ದು ಅದೇ ಮೊದಲು. ತಟ್ಟೆಯಲ್ಲಿ ಒಂದು ಅಗುಳೂ ಉಳಿಸಲಿಲ್ಲ.

ಆ ದಿನ ಮಾತು ಅವನದಾಯಿತು. "ನಿಮ್ಮ ಯೇಸುವಪ್ಪ ನಮಗೂ ಈಸಾ ನಬಿ. ನಮ್ಮಲ್ಲಿ ಹೇಳೋದು ಬೇರೆ ತರ. ಮರಿಯಮ್ಮನಿಗೆ ನೋವು ಬಂದಾಗ ಯಾರೂ ಇರ್ಲಿಲ್ಲ. ಖರ್ಜೂರದ ಮರದ ಬುಡದಾಗೆ ಒಬ್ಳೇ."

"ಒಬ್ಳೇನಾ?" ಜೀವರತ್ನಮ್ಮನೊಳಗಿನ ನರ್ಸಿಗೆ ತಡೆಯಲಾಗಲಿಲ್ಲ. "ಸೂಲಗಿತ್ತಿ?"

"ಇಲ್ಲ. ಇದಕ್ಕಿಂತ ಮುಂಚೇನೇ ಸತ್ತೋಗಿದ್ರೆ ಚೆನ್ನಾಗಿತ್ತು ಅಂದ್ಲಂತೆ ಆಯಮ್ಮ, ಅಷ್ಟು ನೋವು. ಆಗ ಕೆಳಗಿಂದ ದನಿ ಬಂತಂತೆ, ಮರ ಅಲ್ಲಾಡಿಸು, ಹಣ್ಣು ಉದುರ್ತದೆ, ತಿನ್ನು, ನೀರು ಕುಡಿ, ದುಃಖ ಪಡಬೇಡ ಅಂತ." ಅಷ್ಟು ಹೇಳಿ ನಿಲ್ಲಿಸಿದ. ಅವನ ಕಣ್ಣ ಮುಂದೆ ಇದ್ದದ್ದು ಮರಿಯಮ್ಮ ಅಲ್ಲ ಅಂತ ಜೀವರತ್ನಮ್ಮನಿಗೆ ಗೊತ್ತಾಯಿತು. ಎಷ್ಟೋ ಹೆರಿಗೆ ಕಂಡವರು, ಅವರಿಗೆ ಬಿಡಿಸಿ ಹೇಳಬೇಕಾಗಿರಲಿಲ್ಲ.

ಪೋಲೆಂಡಿನ ಕಥೆ ಬಂದದ್ದು ಅದಾಗಿ ಎಷ್ಟೋ ವರ್ಷದ ಮೇಲೆ. ಅಲ್ಲಿ ಕ್ರಿಸ್ಮಸ್ ಹಿಂದಿನ ಸಂಜೆ ಊಟಕ್ಕೆ ಕೂರುವಾಗ ಮನೆಯವರ ಲೆಕ್ಕಕ್ಕಿಂತ ಒಂದು ತಟ್ಟೆ ಹೆಚ್ಚು ಇಡುತ್ತಾರಂತೆ. ಯಾರಿಗೆ ಅಂತಿಲ್ಲ. ದಾರಿಹೋಕ ಬರಲಿ, ದಿಕ್ಕಿಲ್ಲದವರು ಬರಲಿ, ಅವರಿಗೆ.

"ಗುಬ್ಬೀಲಿ ನಾನೂ ಇಡ್ತೀನಿ ಸಾಬ್ರೆ. ಕ್ರಿಸ್ಮಸ್ ಮಧ್ಯಾಹ್ನ."

"ಯಾರಾದ್ರೂ ಬಂದಿದ್ರಾ?"

"ಇನ್ನೂ ಇಲ್ಲ."

"ಬರ್ತಾರೆ ಬುಡಿ" ಎಂದ ಬಾಬಾ ಜಾನ್. ಎಂಥ ಮಾತು. ಬಸ್ಸು ಹತ್ತಿದರೆ ಗುಬ್ಬಿ ಏನು ದೂರ. ಆದರೆ ಅದನ್ನು ಕರೆ ಅಂದುಕೊಳ್ಳುವ ಧೈರ್ಯ ಅವನಿಗೆಲ್ಲಿತ್ತು. ಒಂಟಿ ಹೆಂಗಸಿನ ಮನೆಗೆ ಹೊರಪೇಟೆಯ ಸಾಬಿ ಹಬ್ಬದ ದಿನ ಹೋದ ಅಂತ ನಾಲ್ಕು ಜನ ನಾಲ್ಕು ಮಾತಾಡುತ್ತಾರೆ, ಅವರ ನೌಕರಿಗೆ, ಹೆಸರಿಗೆ ಯಾಕೆ ಮಸಿ ಎಂದುಕೊಂಡ. ಆ ಕ್ರಿಸ್ಮಸ್ ಮಧ್ಯಾಹ್ನ ಬೀರುವಿನ ಮುಂದೆ ನಿಂತು ಗುಬ್ಬಿಯ ಆ ತಟ್ಟೆಯನ್ನೇ ನೆನೆಸಿಕೊಳ್ಳುತ್ತಾ ಗಿರಾಕಿಗೆ ಬನ್ನಿನ ಬದಲು ರಸ್ಕು ಕಟ್ಟಿಕೊಟ್ಟ. ಹೋಗಬೇಕು ಅಂತ ಪ್ರತಿ ವರ್ಷವೂ ಆಸೆಯಾಗುತ್ತಿತ್ತು. ಒಂದು ವರ್ಷವೂ ಹೋಗಲಿಲ್ಲ.

ಎಂಬತ್ತರ ದಶಕ ಬಂತು. ದುಂಡನೆಯ ಕರೆಂಟ್ ಓವನ್ನು ಮನೆಮನೆಗೆ ಬಂತು. ಓವನ್ನು ಇಲ್ಲದವರು ಐಸಿಂಗ್ ಹಾಕಿದ ಕೇಕನ್ನೇ ಅಂಗಡಿಯಿಂದ ಕಟ್ಟಿಸಿಕೊಂಡು ಹೋದರು. ಅಂಥ ಅಂಗಡಿಯೊಂದನ್ನು ಬಾಬಾ ಜಾನನ ಭಟ್ಟಿಯ ಮುಂದಿನ ಜಾಗದಲ್ಲೇ ಮಾಡಿದವನು ತಮ್ಮನ ಮಗ ಜಹೀರ್ ಅಹಮದ್. ಟ್ಯೂಬ್‌ಲೈಟು ಹಾಕಿಸಿದ, ಬೋರ್ಡು ಬರೆಸಿದ, ಬಾಗಿಲು ಸರಿಯಾಗಿ ಮುಚ್ಚುವ ಹೊಸ ಬೀರು ತಂದ. ಕೆಟ್ಟವನಲ್ಲ, ದೊಡ್ಡಪ್ಪನನ್ನು ಚೆನ್ನಾಗಿಯೇ ನೋಡಿಕೊಂಡ. ಆದರೆ ಮೈದಾ ಮೂಟೆಯ ಮೇಲೆ ಕೂರುವ ಹೆಂಗಸರು ಒಬ್ಬೊಬ್ಬರಾಗಿ ಕಾಣದಾದರು. ಕೊನೆಗೆ ಉಳಿದದ್ದು ಗುಬ್ಬಿಯ ಎರಡು ಟಿನ್ನು.

ಎಂಬತ್ತನಾಲ್ಕರ ಡಿಸೆಂಬರಿನಲ್ಲಿ ಜೀವರತ್ನಮ್ಮ ಬಂದಾಗ ಎರಡು ಟಿನ್ನಿಗೇ ಏದುಸಿರು ಬಿಡುತ್ತಿದ್ದರು. "ರಿಟೈರ್ ಆಯ್ತು ಸಾಬ್ರೆ. ಆಸ್ಪತ್ರೇಲಿ ನನ್ನ ಜೊತೆ ಆಯಾ ಆಗಿದ್ದ ನರಸಿಂಹಮ್ಮ ಕುಣಿಗಲ್ಲಲ್ಲಿ ಇದಾಳೆ. ಕುದುರೆ ಫಾರಂ ರಸ್ತೇಲಿ. ಅವಳ ಮನೆ ಪಕ್ಕದ ರೂಮಿಗೆ ಹೋಗ್ತೀನಿ." ಎಂದಿನಂತೆ ಚಿಕ್ಕದನ್ನು ಅವನ ಮುಂದೆ ಸರಿಸಿದರು. ಆ ಸಲ ಯಾವ ದೇಶದ ಕಥೆಯನ್ನೂ ಹೇಳಲಿಲ್ಲ. ಬೆಚ್ಚಗಿದ್ದ ಗೋಡೆಗೆ ಒರಗಿ ಸ್ವಲ್ಪ ಹೊತ್ತು ಕುಳಿತು, ಎದ್ದು ಹೋದರು.

ಮರು ವರ್ಷ ಬಾಬಾ ಜಾನ್ ಚಿಕ್ಕ ಟಿನ್ನನ್ನು ತೊಳೆದು, ಒರೆಸಿ, ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾದ. ಇಪ್ಪತ್ತಮೂರಾಯಿತು, ಇಪ್ಪತ್ತನಾಲ್ಕರ ಮಧ್ಯಾಹ್ನವೂ ದಾಟಿತು. ಯಾರಿಗೆ ಅಂತ ಭಟ್ಟಿ ಕಾಯಿಸ್ತಿದೀಯ ದೊಡ್ಡಪ್ಪ ಎಂದ ಜಹೀರ್. ಇವನು ಇನ್ನೊಂದು ಸೌದೆ ಒಳಗೆ ತಳ್ಳಿದ. ಹಿತ್ತಲಲ್ಲಿ ಸೌದೆ ಸೀಳುತ್ತಿದ್ದ ತಿಪ್ಪಯ್ಯ ಕೊಡಲಿ ಒರಗಿಸಿ ಬಂದು ಇಣುಕಿದ.

"ಏನ್ ಸಾಬ್ರೆ, ಈ ಸಲ ಸಿಸ್ಟ್ರಮ್ಮನ ಸಪ್ಪೆ ಕೇಕೂ ಇಲ್ವಾ?"

"ಸಪ್ಪೆ ಅಂತೀಯಲ್ಲೋ, ಇಷ್ಟು ವರ್ಷ ತಿಂದು. ನಾಚಿಕೆ ಆಗಲ್ವಾ ನಿಂಗೆ?"

"ಸಿಹಿ ಏನೋ ಇತ್ತು ಬುಡಿ, ಚೆನ್ನಾಗೇ ಇತ್ತು. ಆದ್ರೆ ಬೇರೆಯವ್ರ ಮನೇದು ಬಾಯಿಗಿಟ್ರೆ ಘಮ್ ಅಂತ ಕಿವಿವರ್ಗೂ ಹೋಗದು. ಆಯಮ್ಮಂದ್ರಾಗೆ ಒಂದ್ ತೊಟ್ಟೂ ಇರ್ತಿರ್ಲಿಲ್ಲ."

"ಏನ್ ಇರ್ತಿರ್ಲಿಲ್ಲ?"

ತಿಪ್ಪಯ್ಯ ಅಂಗಡಿಯ ಕಡೆ ಒಮ್ಮೆ ನೋಡಿ ದನಿ ಇಳಿಸಿದ. "ಬ್ರಾಂದಿ ಕಣ್ ಸಾಬ್ರೆ. ಎಲ್ರುದ್ರಾಗೂ ಇರದು, ಅವರ ಚಿಕ್ಕ ಟಿನ್ನಿಂದ್ರಾಗೆ ಯಾವತ್ತೂ ಇರ್ನಿಲ್ಲ. ಇದ್ದಿದ್ರೆ ನನ್ ನಾಲಿಗೆಗೆ ಗೊತ್ತಾಯ್ತಿರ್ಲಿಲ್ವಾ? ನಿಮ್ ಮುಂದೆ ಆ ಮಾತು ಆಡಂಗಿಲ್ಲ ಅಂತ ಸುಮ್ನಿದ್ದೆ."

ಬಾಬಾ ಜಾನ್ ಸ್ಟೂಲಿನ ಮೇಲೆ ಕುಳಿತುಬಿಟ್ಟ. ಒಂದೊಂದೇ ನೆನಪಿಗೆ ಬಂತು. ಎರಡು ಟಿನ್ನು ಯಾಕೆ. ಬೇರೆ ಟಿನ್ನುಗಳ ಪಕ್ಕ ಇಡಬೇಡಿ ಅಂದದ್ದು ಯಾಕೆ. ಇದು ನಿಮ್ದು ಅನ್ನುವಾಗ ಅವರು ಮುಖ ನೋಡುತ್ತಿದ್ದದ್ದು ಯಾಕೆ. ಇವನಿಗೋಸ್ಕರ ಬೇರೆಯಾಗಿ ಕಲಸಿ, ಅದನ್ನು ಬಾಯಿ ಬಿಟ್ಟು ಹೇಳಿದರೆ ಉಳಿದವುಗಳಲ್ಲಿ ಇದೆ ಅಂತ ಹೇಳಿದಂತಾಗುತ್ತದೆ, ಊರವರ ಕೇಕಿಗೆಲ್ಲ ಕಲ್ಲು ಬೀಳುತ್ತದೆ ಎಂದು ಸುಮ್ಮನೆ ಸರಿಸಿದ್ದರು. ಇವನೋ, ತಿನ್ನುವುದಿಲ್ಲ ಅಂದರೆ ನೊಂದುಕೊಂಡಾರು ಅಂತ ಸುಮ್ಮನೆ ಇಸಿದುಕೊಂಡಿದ್ದ. ಇವನ ಬಕ್ರೀದಿನ ಅನ್ನವನ್ನು ಅವರು ಉಂಡರು, ಅವರ ಕ್ರಿಸ್ಮಸ್ಸಿನ ಕೇಕನ್ನು ಇವನು ಮೂಸಿಯೂ ನೋಡಲಿಲ್ಲ. ಅವನಿಗೆ ತಲೆ ಚಚ್ಚಿಕೊಳ್ಳುವ ಹಾಗಾಯಿತು.

"ಯಾಕ್ ಸಾಬ್ರೆ, ಏನಾಯ್ತು?" ಎಂದ ತಿಪ್ಪಯ್ಯ.

"ಏನಿಲ್ಲ. ಒಂದಿಷ್ಟು ಸಣ್ಣ ಸೌದೆ ಹಾಕು."

ಆ ಸಂಜೆ ಅವನು ತಾನೇ ಹಿಟ್ಟು ಕಲಸಿದ. ಜೀವರತ್ನಮ್ಮ ಏನೇನು ಹಾಕುತ್ತಿದ್ದರೋ ಅವನಿಗೆ ಹೇಗೆ ಗೊತ್ತಿರಬೇಕು. ಮೈದಾ, ಬೆಣ್ಣೆ, ಮೊಟ್ಟೆ, ಕಂದು ಬಣ್ಣಕ್ಕೆ ಸುಟ್ಟ ಸಕ್ಕರೆ, ಟೀ ಡಿಕಾಕ್ಷನ್ನಿನಲ್ಲಿ ನೆನೆಹಾಕಿದ ದ್ರಾಕ್ಷಿ. ಚಿಕ್ಕ ಟಿನ್ನಿಗೆ ಸುರಿದು, ಭಟ್ಟಿ ಪೂರ್ತಿ ಖಾಲಿ ಇದ್ದರೂ ಅದೇ ಮೂಲೆಗೆ ಇಟ್ಟ. ನಾಳೆ ಹೋಗಬೇಕು, ಹೇಳಿಬಿಡಬೇಕು. ತಪ್ಪಾಯ್ತು ಸಿಸ್ಟ್ರಮ್ಮ, ನಿಮ್ ಕೇಕು ಒಂದು ತುಂಡೂ ತಿನ್ಲಿಲ್ಲ ನಾನು, ಈ ಸಲ ಆ ಖಾಲಿ ತಟ್ಟೆಗೆ ಕೂತು ನಿಮ್ ಜೊತೆ ತಿಂತೀನಿ. ಇಷ್ಟನ್ನು ಹೇಳಿ ಹಗುರಾದರೆ ಅವನಿಗೆ ಸಾಕಿತ್ತು. ಬೇರೆ ಯಾವ ಆಸೆಯೂ ಆ ವಯಸ್ಸಿನಲ್ಲಿ ಉಳಿದಿರಲಿಲ್ಲ.

ಕ್ರಿಸ್ಮಸ್ ದಿನ ಬೆಳಗ್ಗೆ ಕುಣಿಗಲ್ ಬಸ್ಸು ಹತ್ತಿದ. ತೊಡೆಯ ಮೇಲೆ ಟಿನ್ನು. ಗೂಳೂರು, ಹೆಬ್ಬೂರು ದಾಟಿ ಬಸ್ಸು ಕುಲುಕಾಡಿದಾಗಲೆಲ್ಲ ಎರಡೂ ಕೈಯಲ್ಲಿ ಹಿಡಿದುಕೊಂಡ. ರೈಲಿನಲ್ಲಿ ಆಯಮ್ಮ ಹೀಗೇ ಹಿಡಿದುಕೊಂಡು ಬರುತ್ತಿದ್ದರೇನೋ ಎಂದು ಹೊಳೆದು ಕಣ್ಣು ಮಂಜಾಯಿತು. ಪಕ್ಕದಲ್ಲಿ ಕುಳಿತಿದ್ದವನು ಏನ್ ಸಾಬ್ರೆ ಅದು ಅಂತ ಕೇಳಿದ. "ನೆಂಟ್ರ ಮನೆಗೆ" ಎಂದ ಬಾಬಾ ಜಾನ್. ಆ ಮಾತು ಅವನ ಬಾಯಲ್ಲಿ ಬಂದು ಬಹಳ ಕಾಲವಾಗಿತ್ತು.

ಕುದುರೆ ಫಾರಂ ರಸ್ತೆಯಲ್ಲಿ ನರಸಿಂಹಮ್ಮನ ಮನೆ ಕೇಳಿದ ಕೂಡಲೇ ತೋರಿಸಿದರು. ಅಂಗಳದಲ್ಲಿ ರಾಗಿ ಕೇರುತ್ತಿದ್ದ ನರಸಿಂಹಮ್ಮ ಮೊರ ಇಟ್ಟು ಎದ್ದಳು. "ತುಮಕೂರು ಬೇಕರಿ ಸಾಬ್ರಾ? ಬನ್ನಿ ಬನ್ನಿ. ಆಷಾಢದಾಗೆ ಲಕ್ವ ಹೊಡೀತು ಆಯಮ್ಮಂಗೆ. ಬಲಗೈ ಪೂರಾ ಬಿದ್ದೋಯ್ತು. ಮಾತು ಉಳೀತು, ದೇವ್ರು ದೊಡ್ಡವನು. ಬೆಳಗ್ಗೆಯಿಂದ ಎರಡು ತಟ್ಟೆ ಇಡ್ಸವ್ರೆ ನನ್ ಕೈಲಿ. ಯಾರ್ ಬರ್ತಾರಮ್ಮ ಅಂದ್ರೆ ನಂಗೇನ್ ಗೊತ್ತು ಅಂತಾರೆ."

ಕೋಣೆ ಚಿಕ್ಕದು. ಕಿಟಕಿಯ ಪಕ್ಕ ಮಂಚ, ಮುಂದೆ ಮೇಜು, ಮೇಜಿನ ಮೇಲೆ ಕರ್ಜಿಕಾಯಿಯ ಡಬ್ಬ, ಆಚೆಗೊಂದು ಈಚೆಗೊಂದು ತಟ್ಟೆ. ಜೀವರತ್ನಮ್ಮ ಅರ್ಧಕ್ಕರ್ಧ ಇಳಿದುಹೋಗಿದ್ದರು. ಬಾಗಿಲಲ್ಲಿ ನಿಂತವನನ್ನು ನೋಡಿದರು, ಅವನ ಕೈಯಲ್ಲಿದ್ದ ಟಿನ್ನು ನೋಡಿದರು.

"ಬಂದ್ರಾ" ಎಂದರು, ನಿನ್ನೆ ಹೇಳಿಕಳಿಸಿದ್ದವರ ಹಾಗೆ. "ಕೂತ್ಕೊಳ್ಳಿ. ಅದು ನಿಮ್ದೇ ತಟ್ಟೆ."

ಬಾಬಾ ಜಾನ್ ಕುಳಿತ. ಬಸ್ಸಿನಲ್ಲಿ ಜೋಡಿಸಿಕೊಂಡು ಬಂದಿದ್ದ ಮಾತಿಗಿಂತ ಮೊದಲು ಟಿನ್ನು ಮೇಜಿನ ಮೇಲಿಟ್ಟ. ಕೇಕು ಬಿಡಿಸಿ ಕತ್ತರಿಸಿ ಅವರ ತಟ್ಟೆಗೊಂದು ತುಂಡು, ತನ್ನ ತಟ್ಟೆಗೊಂದು ತುಂಡು ಇಟ್ಟ. ಅವರು ಎಡಗೈಯಲ್ಲಿ ಚೂರು ಮುರಿದು ಬಾಯಿಗೆ ಹಾಕಿಕೊಂಡು ನಿಧಾನವಾಗಿ ಅಗಿದರು. ಹುಬ್ಬು ಗಂಟಿಕ್ಕಿತು.

"ಖರ್ಜೂರ ಎಲ್ಲಿ ಸಾಬ್ರೆ?"

"ಖರ್ಜೂರಾನಾ?"

"ನೀವೇ ಹೇಳಿದ್ರಲ್ಲ ಬಕ್ರೀದ್ ದಿನ, ಮರಿಯಮ್ಮ ಖರ್ಜೂರದ ಬುಡದಲ್ಲಿ ಒಬ್ಳೇ ಹೆತ್ತದ್ದು ಅಂತ. ಮರು ವರ್ಷದಿಂದ ನಿಮ್ಮ ಟಿನ್ನಿಗೆ ದ್ರಾಕ್ಷಿ ಬಿಟ್ಟು ಬರೀ ಖರ್ಜೂರಾನೇ ಹಾಕ್ತಿದ್ದೆ. ನೀವು ಕಂಡುಹಿಡೀತೀರ, ಏನಾದ್ರೂ ಅಂತೀರ ಅಂತ ಪ್ರತಿ ಸಲ ಕಾದೆ. ಒಂದು ವರ್ಷಾನೂ ಬಾಯಿ ಬಿಡ್ಲಿಲ್ಲವಲ್ಲ ಪುಣ್ಯಾತ್ಮ."

ಈಗ ಹೇಳಬೇಕು. ಇದಕ್ಕಿಂತ ಸರಿಯಾದ ಹೊತ್ತು ಮತ್ತೆ ಸಿಗುವುದಿಲ್ಲ. "ಸಿಸ್ಟ್ರಮ್ಮ, ನಾನು..." ಎಂದು ಬಾಯಿ ತೆರೆದ.

"ಇರ್ಲಿ ಬಿಡಿ, ಗಂಡಸ್ರು ರುಚಿ ಹೇಳ್ತಾರಾ. ತಿಂತಿದ್ರಲ್ಲ, ಅಷ್ಟೇ ಸಾಕಿತ್ತು ನನಗೆ." ಜೀವರತ್ನಮ್ಮ ಕಿಟಕಿಯಾಚೆ ನೋಡುತ್ತಾ ಹೇಳಿದರು. "ಗುಬ್ಬೀಲಿ ಕ್ರಿಸ್ಮಸ್ ಮಧ್ಯಾಹ್ನ ಚರ್ಚಿನವರಿಗೆ, ಬೀದಿಯವರಿಗೆ ಎಲ್ಲಾ ಹಂಚಿ ಬಂದು, ಬಾಗಿಲು ಹಾಕ್ಕೊಂಡು, ಮುಂದೆ ಎರಡು ತಟ್ಟೆ ಇಟ್ಕೊಂಡು ಕೂತ್ಕೊತಿದ್ದೆ. ಆ ಖಾಲಿ ತಟ್ಟೆ ನೋಡಿದ್ರೆ ಅಳು ಬರಬೇಕು. ಬರ್ತಿರ್ಲಿಲ್ಲ. ಈಗ ತುಮಕೂರಲ್ಲಿ ಸಾಬ್ರೂ ಚಿಕ್ಕ ಟಿನ್ನು ಬಿಚ್ಚಿರ್ತಾರೆ, ಅವರೂ ತಿಂತಿರ್ತಾರೆ ಅನ್ಕೊಳ್ತಿದ್ದೆ. ಅಷ್ಟು ವರ್ಷದಲ್ಲಿ ಒಂದು ಕ್ರಿಸ್ಮಸ್ಸೂ ನಾನು ಒಬ್ಳೇ ತಿಂದಿಲ್ಲ ಸಾಬ್ರೆ."

ಬಾಬಾ ಜಾನನ ತೆರೆದ ಬಾಯಿ ಹಾಗೇ ಉಳಿಯಿತು. ಹೇಳಲೆಂದೇ ಬಂದಿದ್ದ ಆ ಒಂದು ಮಾತನ್ನು ಈಗ ಹೇಳಿದರೆ, ಗುಬ್ಬಿಯ ಆ ಮುಚ್ಚಿದ ಬಾಗಿಲ ಹಿಂದೆ ಈ ಹೆಂಗಸು ಅಷ್ಟೂ ವರ್ಷ ಒಬ್ಬಳೇ ಕುಳಿತಿದ್ದಳು ಅಂತ ಆಗಿಬಿಡುತ್ತದೆ. ತನ್ನ ಎದೆ ಹಗುರ ಮಾಡಿಕೊಳ್ಳಲು ಅಷ್ಟನ್ನು ಅವರಿಂದ ಕಿತ್ತುಕೊಳ್ಳುವುದೇ? ಬಾಯಿ ಮುಚ್ಚಿದ. ಬಲಗೈ ಬಿದ್ದುಹೋದ ಮೇಲೆ ಅವರ ಕೈಯಡುಗೆ ಇನ್ನು ಯಾವ ಭಟ್ಟಿಗೂ ಬರುವುದಿಲ್ಲ ಎಂಬುದೂ ಆಗಲೇ ಅವನಿಗೆ ಹೊಳೆದದ್ದು.

"ಖರ್ಜೂರ ಮರ್ತೇಹೋಯ್ತು ಸಿಸ್ಟ್ರಮ್ಮ" ಎಂದ. "ಮುಂದಿನ ಸಲ ಹಾಕ್ತೀನಿ. ಎಷ್ಟು ಹಾಕ್ತಿದ್ರಿ, ಅರೆದು ಹಾಕ್ತಿದ್ರಾ, ಹೆಚ್ಚಿ ಹಾಕ್ತಿದ್ರಾ, ಒಸಿ ಹೇಳಿ."

ಜೀವರತ್ನಮ್ಮ ನಕ್ಕರು. "ಬೇಕರಿ ಸಾಬ್ರಿಗೆ ನಾನು ಹೇಳಿಕೊಡೋದಾ? ಅಷ್ಟು ವರ್ಷ ತಿಂದಿದ್ದೀರ. ರುಚಿ ನೆನಪಿಲ್ವಾ ನಿಮಗೆ?"

"ಐತೆ" ಎಂದ ಬಾಬಾ ಜಾನ್. "ಚೆನ್ನಾಗಿ ನೆನಪೈತೆ."

ತಲೆ ತಗ್ಗಿಸಿ ತನ್ನ ಕೇಕು ತಿನ್ನತೊಡಗಿದ. ಅಷ್ಟು ವರ್ಷ ಆಸೆಪಟ್ಟ ತಟ್ಟೆ ಮುಂದಿತ್ತು, ಎದುರಿಗೆ ಜೀವರತ್ನಮ್ಮ ಇದ್ದರು, ಹಬ್ಬವೂ ಇತ್ತು. ಆದರೂ ಹೊರಪೇಟೆಯ ಕೋಣೆಯಲ್ಲಿ ಗೋಡೆಗೆ ಒರಗಿ ಮಲಗಿದ ಯಾವ ದಿನವೂ ಅವನು ಇಷ್ಟು ಒಂಟಿಯಾಗಿರಲಿಲ್ಲ. ಜೀವರತ್ನಮ್ಮ ಎಡಗೈಯಿಂದ ಇನ್ನೊಂದು ತುಂಡನ್ನು ಅವನ ತಟ್ಟೆಗೆ ತಳ್ಳಿದರು.

"ತಗೊಳ್ಳಿ, ಸಂಕೋಚ ಪಡಬೇಡಿ. ಎಂದಿನ ಹಾಗೆ ದೂರ ದೂರ ಕೂತು ತಿನ್ನೋದೇನಿಲ್ಲ ಈ ಸಲ."

"ಹೌದು ಸಿಸ್ಟ್ರಮ್ಮ" ಎಂದು ಅವನು ಅದನ್ನೂ ತಿಂದ.